ದಿಂಬಿನಷ್ಟು ದಪ್ಪದ ಸೈಫೈ ಕಾದಂಬರಿ: ಬೀಗದ ಕೈ ಯಾರ ಹತ್ತಿರ ಇದೆ?

ನೂರು ಪುಟ ಓದಿ ಆಯಿತು. ಇನ್ನೂ ಎಂಟುನೂರು ಬಾಕಿ. ಯಾರು ಯಾರ ಕಡೆ ಅಂತ ಗೊತ್ತಿಲ್ಲ. ಪುಟಕ್ಕೆ ಐದು ಹೊಸ ಪದ. ಕಥೆಯಲ್ಲಿ ಬರುವ ಊರು ನಕ್ಷೆಯಲ್ಲಿಲ್ಲ, ನಕ್ಷೆಯಲ್ಲಿರುವ ಊರಿಗೆ ಕಥೆ ಹೋಗುವುದೇ ಇಲ್ಲ. ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬರುತ್ತಿಲ್ಲ, ಯಾಕಂದ್ರೆ ಆ ಲೋಕದಲ್ಲಿ ಏನೋ ಇದೆ ಅಂತ ಒಳಗೊಳಗೇ ಅನ್ನಿಸುತ್ತಿದೆ. ದಪ್ಪ ಸೈಫೈ, ಅಂದರೆ ವೈಜ್ಞಾನಿಕ ಕಲ್ಪನೆಯ ಕಾದಂಬರಿ ಕೈಗೆತ್ತಿಕೊಂಡ ಎಲ್ಲರಿಗೂ ಈ ಪಾಡು ಗೊತ್ತು.

ಇಂಥ ಪುಸ್ತಕಗಳನ್ನು ಆರಿಸುವಾಗ ಕೆಲವರು ಪುಟದ ಲೆಕ್ಕ ನೋಡುತ್ತಾರೆ, ಕೆಲವರು ಬಂದ ಪ್ರಶಸ್ತಿ ನೋಡುತ್ತಾರೆ. ಎರಡರಿಂದಲೂ ಜಾಸ್ತಿ ಉಪಯೋಗವಿಲ್ಲ. ನಾನು ಕೇಳಿಕೊಳ್ಳುವುದು ಒಂದೇ: ಈ ಗೊಂದಲದ ಬೀಗದ ಕೈ ಯಾರ ಹತ್ತಿರ ಇದೆ? ಕೆಲವು ಪುಸ್ತಕಗಳಲ್ಲಿ ಅದು ಕೊನೆಯ ಪುಟಗಳ ಪದಕೋಶದಲ್ಲಿ ತೂಗುಹಾಕಿರುತ್ತದೆ. ಕೆಲವು ಲೇಖಕರು ಕಥೆ ನಡೆಸುತ್ತಾ ಒಂದೊಂದೇ ಕೈಗೆ ಕೊಡುತ್ತಾರೆ. ಇನ್ನು ಕೆಲವರು ಅದನ್ನು ಮೆಲ್ಲಗೆ ನಿಮ್ಮ ಜೇಬಿಗೆ ಹಾಕಿ, ಹಾಕಿದ್ದೇನೆ ಅಂತ ಬಾಯಿ ಬಿಡುವುದೇ ಇಲ್ಲ. ಒಂದೆರಡು ಪುಸ್ತಕಗಳಿಗೆ ಬೀಗದ ಕೈ ಮಾಡಿಸಿಯೇ ಇಲ್ಲ.

ನಿಮಗೆ ಯಾವ ತರದ್ದು ಸಹಿಸಲು ಆಗುತ್ತದೆ ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಡ್ಯೂನ್: ಪದ ಕಷ್ಟ, ಕಥೆ ಸಲೀಸು

ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1965ರಲ್ಲಿ ಪುಸ್ತಕವಾಯಿತು. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಅಂದಮೇಲೆ, ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆ ಒಪ್ಪಿಕೊಂಡಿತು. ಬೇಡ ಅಂದವರನ್ನು ಕಂಡು ಇವತ್ತು ನಗಬಹುದು. ಆದರೆ ಮೊದಲ ಹತ್ತು ಪುಟ ತೆರೆದು ನೋಡಿ. ಬೆನೆ ಜೆಸರಿಟ್, ಕ್ವಿಸಾಟ್ಜ್ ಹ್ಯಾಡರಾಕ್, ಮೆಂಟಾಟ್, ಗೋಮ್ ಜಬ್ಬಾರ್. ಒಂದಕ್ಕೂ ಸರಿಯಾದ ವಿವರಣೆ ಇಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೆನೇನೋ.

ಆದರೂ ಅದೇ ಅಧ್ಯಾಯ ಕೈಬಿಡಲು ಆಗುವುದಿಲ್ಲ. ಹದಿನೈದು ವರ್ಷದ ಹುಡುಗ ಒಂದು ಪೆಟ್ಟಿಗೆಯೊಳಗೆ ಕೈ ಹಾಕಿ ನಿಂತಿದ್ದಾನೆ. ಕೈ ಸುಟ್ಟು ಕರಕಲಾಗುತ್ತಿರುವಂತೆ ನೋವು. ಕುತ್ತಿಗೆಯ ಪಕ್ಕದಲ್ಲಿ ಒಬ್ಬ ಮುದುಕಿ ವಿಷದ ಸೂಜಿ ಹಿಡಿದಿದ್ದಾಳೆ. ಕೈ ಹೊರಗೆಳೆದರೆ ಸಾವು. ಗೋಮ್ ಜಬ್ಬಾರ್ ಅಂದರೆ ಆ ಸೂಜಿ. ಪದ ಗೊತ್ತಿಲ್ಲದಿದ್ದರೂ ಭಯ ಗೊತ್ತಾಗುತ್ತದೆ. ಹರ್ಬರ್ಟ್ ಅವರ ಜಾಣತನ ಇರುವುದು ಇಲ್ಲಿಯೇ.

ಇನ್ನೊಂದು ವಿಷಯ. ಇದರ ಎರಡನೇ ಅಧ್ಯಾಯದಲ್ಲೇ ಖಳನಾಯಕ ತನ್ನ ಸಂಚನ್ನು ಪೂರ್ತಿ ಬಿಚ್ಚಿಡುತ್ತಾನೆ. ನಾಯಕನ ಮನೆಯಲ್ಲಿ ದ್ರೋಹಿ ಯಾರು ಅಂತ ಹೆಸರು ಸಮೇತ ಹೇಳಿಬಿಡುತ್ತಾನೆ. ಅಂದರೆ ಲೇಖಕರು ಕಥೆಯನ್ನು ಬಚ್ಚಿಟ್ಟಿಲ್ಲ. ಗೊಂದಲ ಬರೀ ಹೆಸರುಗಳದ್ದು, ಅವುಗಳಿಗೆ ಹಿಂದುಗಡೆ ಪದಕೋಶ ಇದೆ, ನಕ್ಷೆ ಇದೆ, ಪರಿಸರ ಮತ್ತು ಧರ್ಮದ ಬಗ್ಗೆ ಅನುಬಂಧಗಳೂ ಇವೆ. ಒಂದು ಎಚ್ಚರಿಕೆ: ರಾಜಮನೆತನಗಳ ಅನುಬಂಧವನ್ನು ಮೊದಲೇ ಓದಬೇಡಿ. ಯಾರು ಯಾವಾಗ ಸಾಯುತ್ತಾರೆ ಅಂತ ಇಸವಿ ಹಾಕಿ ಬರೆದಿದ್ದಾರೆ!

ಈ ಜಾತಿಯ ಪುಸ್ತಕ ಹಿಂದೆಂದೂ ಓದಿಲ್ಲದವರು ಇಲ್ಲಿಂದಲೇ ಶುರು ಮಾಡಬಹುದು.

ಆನಥೆಮ್: ದೇವರಿಲ್ಲದ ಮಠ

ನೀಲ್ ಸ್ಟೀಫನ್‌ಸನ್ ಅವರ 'ಆನಥೆಮ್' 2008ರದ್ದು. ಹೆಸರು ನೋಡಿ ಅನಾಥ ಹುಡುಗನ ಕಥೆ ಅಂದುಕೊಂಡವರಿದ್ದಾರೆ. ಅಲ್ಲ. ಒಂಬೈನೂರು ಪುಟಕ್ಕೂ ಜಾಸ್ತಿ ಇರುವ ಈ ಪುಸ್ತಕವನ್ನು ನಾನು ಎರಡು ಸಲ ಅರ್ಧಕ್ಕೂ ಬಹಳ ಮುಂಚೆಯೇ ಬಿಟ್ಟೆ. ಮೂರನೇ ಸಲ ಮುಗಿಸಿದೆ. ಆದ್ದರಿಂದ ಇದರ ಮೇಲೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ.

ಆರ್ಬ್ ಎಂಬ ಗ್ರಹ. ಅಲ್ಲಿ ಗಣಿತ ಮತ್ತು ತತ್ವ ಓದುವವರು ಗೋಡೆ ಕಟ್ಟಿಕೊಂಡು ಒಳಗಿರುತ್ತಾರೆ. ಜಪವಿಲ್ಲ, ಪೂಜೆಯಿಲ್ಲ, ಆದರೆ ನಿಲುವಂಗಿ, ವ್ರತ, ಶಿಕ್ಷೆ ಎಲ್ಲ ಇದೆ. ದಿನಾ ಒಂದು ದೈತ್ಯ ಗಡಿಯಾರಕ್ಕೆ ಕೀಲಿ ಕೊಡುವುದೇ ಅವರ ದೊಡ್ಡ ಆಚರಣೆ. ಒಳಗಡೆ ನಾಲ್ಕು ಬಗೆಯ ಜನ. ಕೆಲವರ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ಕೆಲವರದ್ದು ಹತ್ತು ವರ್ಷಕ್ಕೊಮ್ಮೆ, ಕೆಲವರದ್ದು ನೂರು, ಇನ್ನು ಕೆಲವರದ್ದು ಸಾವಿರ ವರ್ಷಕ್ಕೊಮ್ಮೆ. ಕಥೆ ಹೇಳುವ ಹುಡುಗ ಎರಾಸ್ಮಸ್ ಹತ್ತು ವರ್ಷದ ಗುಂಪಿನವನು. ಕಥೆ ಶುರುವಾಗುವಾಗ ಅವನ ಬಾಗಿಲು ತೆರೆಯುವ ಹೊತ್ತು ಹತ್ತಿರ ಬಂದಿದೆ.

ಮೊದಲ ದೃಶ್ಯವೇ ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟ. ಹೊರಗಿನಿಂದ ಬಂದ ಒಬ್ಬ ಕುಶಲಕರ್ಮಿಯನ್ನು ಮಠದ ಹಿರಿಯನೊಬ್ಬ ಕೂರಿಸಿಕೊಂಡು, ನಿಮ್ಮ ಕಡೆ ಅಕ್ಕಪಕ್ಕದವರನ್ನು ಜೀವಂತ ಸುಡುತ್ತಾರಾ ಅಂತ ಕೇಳುತ್ತಾನೆ. ಬಂದವನಿಗೆ ತಬ್ಬಿಬ್ಬು. ಆಮೇಲೆ ಗೊತ್ತಾಗುತ್ತದೆ, ಅದು ಶತಮಾನಗಳಷ್ಟು ಹಳೆಯ ಪ್ರಶ್ನೆಪಟ್ಟಿ. ಇಷ್ಟು ವರ್ಷ ಬಾಗಿಲು ಮುಚ್ಚಿಕೊಂಡಿದ್ದವರು ಹೊರಗೆ ಈಗ ಎಂಥ ಕಾಲ ನಡೆಯುತ್ತಿದೆ ಅಂತ ತಿಳಿದುಕೊಳ್ಳಬೇಕಲ್ಲ. ಒಂದು ಪ್ರಶ್ನೆಯಲ್ಲಿ ಇಡೀ ಲೋಕದ ಇತಿಹಾಸ ಬಂದುಬಿಟ್ಟಿತು.

ಇನ್ನು ಕಷ್ಟದ ಭಾಗ. ಇದರ ಪದಗಳು ಹುಟ್ಟಿಸಿದ ಪದಗಳು, ಆದರೆ ಪೂರ್ತಿ ಹೊಸವಲ್ಲ. ಪರಿಚಯದ ಪದಗಳನ್ನೇ ತಿರುಚಿ ಮಾಡಿದ್ದು. ಮಠದ ಅಣ್ಣಂದಿರು 'ಫ್ರಾ', ಅಕ್ಕಂದಿರು 'ಸೂರ್'. ವಿಡಿಯೋ ಕ್ಯಾಮೆರಾ 'ಸ್ಪೀಲಿಕ್ಯಾಪ್ಟರ್'. ಹೊರಗಿನವರು ಹಗಲೂ ರಾತ್ರಿ ನೋಡುವ ಫೋನು 'ಜೀಜಾ'. ಹಿಂದಿ ಬಲ್ಲವರು ಇಲ್ಲಿ ಬಾವನ ಮುಖ ನೆನೆಸಿಕೊಂಡು ನಗದೆ ಮುಂದೆ ಹೋಗಲಾರರು. ಪೈಥಾಗೊರಸ್ ಪ್ರಮೇಯಕ್ಕೂ ಅಲ್ಲಿ ಬೇರೆ ಹೆಸರು, ಅಡ್ರಾಖೋನಿಕ್ ಪ್ರಮೇಯ. ಬೇರೆ ಗ್ರಹದಲ್ಲಿ ಪೈಥಾಗೊರಸ್ ಹುಟ್ಟಿರಲು ಸಾಧ್ಯವಿಲ್ಲ, ಆದರೆ ತ್ರಿಕೋನ ಮಾತ್ರ ಅದೇ ತ್ರಿಕೋನ. ಸುಮ್ನೆ ಹೆಸರು ಬದಲಾಯಿಸುವ ಚಪಲ ಇದು ಅಂತ ಮೊದಲು ಅನ್ನಿಸುತ್ತದೆ. ಹೆಸರು ಬೇರೆ ಆದರೂ ಸತ್ಯ ಒಂದೇ ಯಾಕೆ ಅನ್ನುವುದೇ ಕಾದಂಬರಿಯ ಮುಖ್ಯ ಪ್ರಶ್ನೆ ಅಂತ ಹೊಳೆದಾಗ ಆ ಚಪಲವೆಲ್ಲ ಮಾಫಿ.

ಬೀಗದ ಕೈಗಳಿಗೆ ಇಲ್ಲಿ ಬರವಿಲ್ಲ. ಮೊದಲಿಗೆ ಓದುಗರಿಗೆ ಒಂದು ಟಿಪ್ಪಣಿ, ಕಾಲಾನುಕ್ರಮದ ಪಟ್ಟಿ. ಮಧ್ಯೆ ಮಧ್ಯೆ ಆ ಲೋಕದ್ದೇ ನಿಘಂಟಿನ ತುಣುಕುಗಳು. ಕೊನೆಗೆ ಪದಕೋಶ, ಅದರ ಜೊತೆ ಗಣಿತದ ಮೂರು ಪಾಠಗಳು. ಹಾಗಿದ್ದೂ ನಾನು ಎರಡು ಸಲ ಬಿಟ್ಟಿದ್ದಕ್ಕೆ ಕಾರಣ ಪದಗಳಷ್ಟೇ ಅಲ್ಲ, ನಿಧಾನ. ಮೊದಲ ಕೆಲವು ನೂರು ಪುಟ ಹೆಚ್ಚಾಗಿ ಮಠದ ಸುತ್ತಲೇ ಸುತ್ತುತ್ತದೆ. ಎಲ್ಲರೂ ಮಾತಾಡುತ್ತಾರೆ, ವಾದ ಮಾಡುತ್ತಾರೆ, ಊಟಕ್ಕೆ ಕೂತರೂ ವಾದ. ಮುಂದೆ ಧ್ರುವದ ಹಿಮ ದಾಟುವ ಪ್ರಯಾಣ ಬರುತ್ತದೆ, ಅದು ಅರ್ಧದಷ್ಟಿದ್ದರೆ ಸಾಕಿತ್ತು. ಸಂಪಾದಕರು ಕತ್ತರಿ ಎಲ್ಲಿಟ್ಟಿದ್ದರೋ.

ವಾದ ಕೇಳುವುದೇ ಖುಷಿ ಅನ್ನುವವರಿಗೆ ಈ ಪುಸ್ತಕ ಹಬ್ಬ. ಏನಾದರೂ ಆಗಲಿ, ಬೇಗ ಆಗಲಿ ಅನ್ನುವವರು ದಯವಿಟ್ಟು ದೂರ ಇರಿ.

ನ್ಯೂ ಸನ್: ಜೇಬಿನಲ್ಲೇ ಇದ್ದ ಬೀಗದ ಕೈ

ಜೀನ್ ವುಲ್ಫ್ ಅವರ 'ದಿ ಬುಕ್ ಆಫ್ ದಿ ನ್ಯೂ ಸನ್' ನಾಲ್ಕು ಭಾಗಗಳಲ್ಲಿ 1980ರಿಂದ 1983ರವರೆಗೆ ಬಂತು. ಒಟ್ಟು ಸಾವಿರ ಪುಟದ ಆಸುಪಾಸು. ಭೂಮಿಯ ಸೂರ್ಯ ಮುಪ್ಪಾಗಿ ಮಂಕಾಗಿರುವ ದೂರದ ಕಾಲ. ಕಥೆ ಹೇಳುವವನು ಸೆವೇರಿಯನ್, ಕೈದಿಗಳಿಗೆ ಚಿತ್ರಹಿಂಸೆ ಕೊಡುವವರ ಸಂಘದಲ್ಲಿ ಬೆಳೆದ ಹುಡುಗ. ಒಬ್ಬ ಕೈದಿಯ ಮೇಲೆ ಕರುಣೆ ತೋರಿಸಿದ್ದಕ್ಕೆ ಅವನನ್ನು ಊರಿಂದ ಆಚೆ ಕಳಿಸುತ್ತಾರೆ.

ಹೀಗೆ ಹೇಳಿದರೆ ಸರಳ ಕಥೆ ಅಲ್ವಾ? ಸ್ಟೀಫನ್‌ಸನ್ ಮಾಡಿದ್ದಕ್ಕೆ ವುಲ್ಫ್ ಪೂರ್ತಿ ಉಲ್ಟಾ. ಇವರೇ ಹೇಳುವಂತೆ, ಒಂದು ಪದವನ್ನೂ ಹುಟ್ಟಿಸಿಲ್ಲ. ಹೆಚ್ಚಿನವು ನಿಜವಾದ ಹಳೆಯ ಪದಗಳು, ಬಹಳಷ್ಟು ಲ್ಯಾಟಿನ್, ಗ್ರೀಕ್ ಮೂಲದವು, ಜನ ಬಳಸುವುದನ್ನು ಎಂದೋ ಬಿಟ್ಟವು. ಸಂಘದವರು ತೊಡುವ ಮೇಲಂಗಿಯ ಬಣ್ಣ 'ಫ್ಯುಲಿಜಿನ್', ಕಪ್ಪಿಗಿಂತ ಕಪ್ಪು. ಲ್ಯಾಟಿನ್ನಿನಲ್ಲಿ ಮಸಿಗೆ ಇರುವ ಪದದಿಂದ ಬಂದದ್ದು. ಇನ್ನೂ ಹುಟ್ಟದ ಒಂದು ಭಾಷೆಯಿಂದ ಇದನ್ನು ಅನುವಾದ ಮಾಡಿದ್ದೇನೆ, ಸರಿಯಾದ ಪದ ಸಿಗದ ಕಡೆ ಹತ್ತಿರದ ಹಳೆಯ ಪದ ಹಾಕಿದ್ದೇನೆ ಅಂತ ಮೊದಲ ಭಾಗದ ಕೊನೆಯಲ್ಲಿ ಲೇಖಕರೇ ಹೇಳುತ್ತಾರೆ. ಮುಖ ಗಂಭೀರವಾಗಿಯೇ ಇಟ್ಟುಕೊಂಡು!

ಮೊದಲ ಭಾಗದ ಶುರುವಿನಲ್ಲೇ ಬರುವ ಒಂದು ದೃಶ್ಯ ಹೇಳುತ್ತೇನೆ, ಕಥೆಯೇನೂ ಕೆಡುವುದಿಲ್ಲ. ಹುಡುಗ ಒಂದು ಚಿತ್ರಶಾಲೆಯೊಳಗೆ ಹೋಗುತ್ತಾನೆ. ಅಲ್ಲಿ ಒಬ್ಬ ಮುದುಕ ಹಳೆಯ ಚಿತ್ರವೊಂದನ್ನು ಒರೆಸುತ್ತಿದ್ದಾನೆ. ಚಿತ್ರದಲ್ಲಿ ಕವಚ ತೊಟ್ಟ ಒಬ್ಬ ವ್ಯಕ್ತಿ, ಬಂಜರು ನೆಲದ ಮೇಲೆ ನಿಂತಿದ್ದಾನೆ. ಕೈಯಲ್ಲಿ ಆಯುಧ ಇಲ್ಲ, ಒಂದು ಕೋಲು, ಅದಕ್ಕೆ ಸೆಟೆದು ನಿಂತ ಬಾವುಟ. ಮುಖದ ಮುಂದಿನ ಮುಚ್ಚಳ ಪೂರ್ತಿ ಚಿನ್ನದ್ದು, ನೋಡಲು ಕಿಂಡಿಯೂ ಇಲ್ಲ. ಅದರಲ್ಲಿ ಆ ಬಂಜರು ನೆಲ ಪ್ರತಿಫಲಿಸುತ್ತಿದೆ. ಹುಡುಗ ಬೆರಗಾಗಿ ನೋಡಿ ಮುಂದೆ ಹೋಗುತ್ತಾನೆ.

ನಾನೂ ಮುಂದೆ ಹೋದೆ. ಒಂದಿಷ್ಟು ಪುಟ ಆದಮೇಲೆ ತಟ್ಟನೆ ಹೊಳೆಯಿತು, ಅದು ಚಂದ್ರನ ಮೇಲೆ ನಿಂತ ಗಗನಯಾತ್ರಿಯ ಚಿತ್ರ! ಗಾಳಿ ಇಲ್ಲದ ಕಡೆ ಬಾವುಟ ಜೋತು ಬೀಳದಂತೆ ಅಡ್ಡ ಕಡ್ಡಿ ಹಾಕಿ ಸೆಟೆಸಿ ನಿಲ್ಲಿಸಿದ್ದರಲ್ಲ. ಆ ನೆಲ ಚಂದ್ರನದ್ದು ಅನ್ನುವುದು ಅವರ ಮಾತಿನಲ್ಲಿ ಬರುತ್ತದೆ, ಆದರೆ ಅಲ್ಲಿ ನಿಂತವನು ಯಾರು ಅಂತ ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇಂಥದ್ದು ಒಂದಲ್ಲ, ಪುಸ್ತಕದ ತುಂಬಾ ಇವೆ. ಅವನು ಬೆಳೆದ ಗೋಪುರದ ಗೋಡೆಗಳು ಲೋಹದವು. ಅದು ಯಾವ ತರದ ಗೋಪುರ ಅಂತ ನೀವೇ ಯೋಚಿಸಿ.

ಇದಲ್ಲದೆ ಇನ್ನೊಂದು ತಕರಾರು. ಸೆವೇರಿಯನ್ ತನಗೆ ಯಾವುದೂ ಮರೆಯುವುದಿಲ್ಲ ಅಂತ ಪದೇ ಪದೇ ಹೇಳುತ್ತಾನೆ. ಆಮೇಲೆ ನೋಡಿದರೆ ಹಿಂದೆ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ. ಮರೆತನಾ, ಸುಳ್ಳು ಹೇಳಿದನಾ, ಲೇಖಕರೇ ಎಡವಿದರಾ? ಓದುಗರು ನಾಲ್ಕು ದಶಕಗಳಿಂದ ಜಗಳ ಆಡುತ್ತಿದ್ದಾರೆ. ಇದರ ಪದಗಳಿಗೇ ಮೀಸಲಾದ 'ಲೆಕ್ಸಿಕಾನ್ ಉರ್ಥಸ್' ಎಂಬ ನಿಘಂಟೂ 1994ರಲ್ಲಿ ಬಂದಿದೆ. ಮೊದಲ ಓದಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆನಥೆಮ್ ಜೊತೆ ಹೋಲಿಸಿದರೆ ಒಂದು ತಮಾಷೆ ಕಾಣುತ್ತದೆ. ಇ-ರೀಡರಿನಲ್ಲಿ ಓದುವಾಗ ಪದದ ಮೇಲೆ ಬೆರಳು ಒತ್ತಿ ಅರ್ಥ ನೋಡುವ ಅಭ್ಯಾಸ ಹಲವರಿಗೆ. ಆನಥೆಮ್‌ನಲ್ಲಿ ಒತ್ತಿದರೆ ಏನೂ ಸಿಗದು, ಯಾಕಂದ್ರೆ ಪದ ಲೋಕದಲ್ಲೇ ಇಲ್ಲ. ವುಲ್ಫ್ ಪುಸ್ತಕದಲ್ಲಿ ಒತ್ತಿದರೆ ಎಷ್ಟೋ ಸಲ ಅರ್ಥ ಸಿಗುತ್ತದೆ, ಆದರೆ ಅದು ಅರ್ಧ ಸತ್ಯ ಮಾತ್ರ. ಆನಥೆಮ್‌ನ ವಾಕ್ಯ ಮೊದಲು ತಲೆಬುಡ ಅರ್ಥವಾಗುವುದಿಲ್ಲ, ಕೊನೆಗೆ ಎಲ್ಲ ಅರ್ಥವಾಗುತ್ತದೆ. ವುಲ್ಫ್ ವಾಕ್ಯ ಮೊದಲ ಸಲವೇ ಸಲೀಸಾಗಿ ಅರ್ಥವಾಗುತ್ತದೆ. ಮೋಸ ಹೋಗಿದ್ದೇವೆ ಅಂತ ಗೊತ್ತಾಗುವುದು ಎರಡನೇ ಸಲ ಓದಿದಾಗ.

ಹಾಗಾಗಿ ಒಂದೇ ಸಲ ಓದಿ ಕಪಾಟಿಗೆ ಇಡುವವರಿಗೆ ಇದನ್ನು ನಾನು ಹೇಳುವುದಿಲ್ಲ. ಮೂರರಲ್ಲಿ ನನಗೆ ಅತಿ ಇಷ್ಟದ್ದು ಇದೇ ಆದರೂ.

ಕೈ ಹಿಡಿದು ನಡೆಸುವವರು

ಲಿಯು ತ್ಸಿಶಿನ್ ಅವರ 'ದಿ ತ್ರೀ-ಬಾಡಿ ಪ್ರಾಬ್ಲಂ' ಚೀನೀ ಭಾಷೆಯಲ್ಲಿ ಪುಸ್ತಕವಾಗಿದ್ದು 2008ರಲ್ಲಿ. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದ 2014ರದ್ದು, ಮರುವರ್ಷ ಅದಕ್ಕೆ ಸೈಫೈ ಲೋಕದ ಹೆಸರಾಂತ ಹ್ಯೂಗೋ ಪ್ರಶಸ್ತಿ. ಇದರ ವಿಚಿತ್ರ ಲೋಕ ನಮಗೆ ಕಾಣುವುದು ಒಂದು ವಿಡಿಯೋ ಗೇಮ್ ಮೂಲಕ. ಅಲ್ಲಿ ಸೂರ್ಯ ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ ಅನ್ನುವುದಕ್ಕೆ ನಿಯಮವಿಲ್ಲ. ಕೆಟ್ಟ ಕಾಲ ಬಂದಾಗ ಜನ ಮೈಯ ನೀರನ್ನೆಲ್ಲ ಬಸಿದುಕೊಂಡು ಒಣಗಿ ಹಾಳೆಯಂತಾಗುತ್ತಾರೆ. ಅವರನ್ನು ಸುರುಳಿ ಸುತ್ತಿ ಎತ್ತಿಡುತ್ತಾರೆ. ಒಳ್ಳೆಯ ಕಾಲ ಬಂದಾಗ ನೀರಿಗೆ ಹಾಕಿದರೆ ಎದ್ದು ನಡೆಯುತ್ತಾರೆ. ಆಟದ ಒಂದೊಂದು ಹಂತ ದಾಟಿದಂತೆ ಯಾಕೆ ಹೀಗೆ ಅನ್ನುವುದು ಬಿಡಿಸಿಕೊಳ್ಳುತ್ತದೆ. ಚೀನೀ ಪುಸ್ತಕದಲ್ಲಿ ನಡುವೆ ಇದ್ದ, ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ಇಂಗ್ಲಿಷಿನಲ್ಲಿ ಮೊದಲಿಗೇ ಬರುತ್ತವೆ, ಓದುಗರಿಗೆ ದಾರಿ ಇನ್ನಷ್ಟು ಸುಲಭವಾಯಿತು. ಪಾತ್ರಗಳು ಮಾತ್ರ ಒಣಕಲು. ಈ ಸರಣಿಯ ಮೂರೂ ಭಾಗ ಓದಿದರೂ ಯಾರನ್ನೂ ಮನಸ್ಸಿಗೆ ಹಚ್ಚಿಕೊಳ್ಳಲು ನನಗೆ ಆಗಲಿಲ್ಲ.

ವರ್ನರ್ ವಿಂಜ್ ಅವರ 'ಎ ಫೈರ್ ಅಪಾನ್ ದ ಡೀಪ್' (1992) ಇದಕ್ಕಿಂತ ಚೂಟಿ. ನಾಯಿಯಂಥ ನಾಲ್ಕರಿಂದ ಎಂಟು ಪ್ರಾಣಿಗಳು ಸೇರಿ ಅಲ್ಲಿ ಒಬ್ಬ ವ್ಯಕ್ತಿ. ಕಿವಿಗೆ ಕೇಳದ ಶಬ್ದದಲ್ಲಿ ಅವು ಒಟ್ಟಿಗೆ ಯೋಚಿಸುತ್ತವೆ. ಒಂದು ಸತ್ತರೆ ವ್ಯಕ್ತಿಯ ಸ್ವಭಾವವೇ ಬದಲಾಗುತ್ತದೆ. ಇಬ್ಬರು ಹತ್ತಿರ ಬಂದರೆ ಯೋಚನೆಗಳು ಕಲಸಿಹೋಗುತ್ತವೆ, ಆದ್ದರಿಂದ ಅಪ್ಪುಗೆ ಅನ್ನುವುದೇ ಅಪಾಯ. ವಿಂಜ್ ಇದನ್ನು ನೇರ ಹೇಳುವುದಿಲ್ಲ. 'ಅವನು' ಅಂತ ಬರೆಯುತ್ತಾ ಹೋಗುತ್ತಾರೆ, ಅವನಿಗೆ ಇಷ್ಟೊಂದು ಬಾಯಿ ಯಾಕೆ ಅಂತ ನಮಗೇ ಅನುಮಾನ ಬರುವವರೆಗೆ.

ಡ್ಯಾನ್ ಸಿಮನ್ಸ್ ಅವರ 'ಹೈಪೀರಿಯನ್' (1989) ಬಗ್ಗೆ ಒಂದೇ ಎಚ್ಚರಿಕೆ. ಯಾತ್ರೆಗೆ ಹೊರಟವರು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಒಟ್ಟು ಆರು ಕಥೆ, ಒಂದಕ್ಕಿಂತ ಒಂದು ಚೆನ್ನ. ದಿನ ದಿನಕ್ಕೆ ಚಿಕ್ಕವಳಾಗುತ್ತಾ ಹೋಗುವ ಮಗಳ ತಂದೆಯ ಕಥೆ ಓದಿ ನಾನು ಆ ದಿನ ಮುಂದೆ ಓದಲಿಲ್ಲ. ಆದರೆ ಪುಸ್ತಕ ಮುಗಿದಾಗ ಕಥೆ ಮುಗಿದಿರುವುದಿಲ್ಲ. 1990ರ ಎರಡನೇ ಭಾಗವನ್ನು ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಿ.

ಉದ್ದ ಬೇರೆ, ಗೊಂದಲ ಬೇರೆ

ಎರಡನ್ನೂ ಒಂದೇ ಅಂದುಕೊಳ್ಳುವವರು ಈ ಎರಡು ಪುಸ್ತಕ ಜೊತೆಗಿಟ್ಟು ನೋಡಬೇಕು. ಪೀಟರ್ ಎಫ್. ಹ್ಯಾಮಿಲ್ಟನ್ ಅವರ 'ನೈಟ್ಸ್ ಡಾನ್' ಸರಣಿ 1996ರಿಂದ 1999ರ ನಡುವೆ ಬಂದ ಮೂರು ಇಟ್ಟಿಗೆಗಳು, ಒಂದೊಂದೂ ಸಾವಿರ ಪುಟದ ಸುಮಾರು. ನೂರಾರು ಪಾತ್ರ, ಹತ್ತಾರು ಗ್ರಹ. ಸತ್ತವರು ವಾಪಸ್ ಬಂದು ಬದುಕಿದವರ ಮೈಮೇಲೆ ಸೇರಿಕೊಳ್ಳುತ್ತಾರೆ. ಆದರೂ ಎಲ್ಲೂ ದಾರಿ ತಪ್ಪುವುದಿಲ್ಲ, ಎಲ್ಲವನ್ನೂ ವಿವರಿಸುತ್ತಾರೆ, ಬೇಡವಾದದ್ದನ್ನೂ ವಿವರಿಸುತ್ತಾರೆ.

ಹನ್ನು ರಾಯಾನಿಯೆಮಿ ಅವರ 'ದಿ ಕ್ವಾಂಟಮ್ ಥೀಫ್' (2010) ಅದರ ಒಂದು ಇಟ್ಟಿಗೆಯ ಮೂರನೇ ಒಂದು ಭಾಗದಷ್ಟಿದೆ, ಆದರೆ ಕಬ್ಬಿಣದ ಕಡಲೆ. ಮಂಗಳ ಗ್ರಹದ ಒಂದು ಊರಲ್ಲಿ ಸಮಯವೇ ನಾಣ್ಯ. ಕೈಗಡಿಯಾರದಲ್ಲಿ ಉಳಿದ ಸಮಯ ಖರ್ಚಾದರೆ ಮನುಷ್ಯ ಮೂಕ ಯಂತ್ರವಾಗಿ ಊರಿನ ಕೆಲಸಕ್ಕೆ ಹೋಗಬೇಕು. ಇಷ್ಟು ನಾನು ಎರಡು ವಾಕ್ಯದಲ್ಲಿ ಹೇಳಿದೆ. ಪುಸ್ತಕ ಹೀಗೆ ಕೂರಿಸಿ ಹೇಳುವುದಿಲ್ಲ, ಪದಕೋಶವೂ ಇಲ್ಲ. ನಿಮ್ಮ ಸಹನೆ ಎಷ್ಟಿದೆ ಅಂತ ಸಣ್ಣದರಲ್ಲೇ ಪರೀಕ್ಷಿಸಿಕೊಳ್ಳಲು ಇದು ಒಳ್ಳೆಯದು.

ಹಾಗಾದರೆ ಯಾವುದು?

ರೈಲಿನಲ್ಲಿ, ಬಸ್ಸಿನಲ್ಲಿ ತುಂಡು ತುಂಡಾಗಿ ಓದುವವರಿಗೆ ಹೈಪೀರಿಯನ್ ಸರಿ, ಒಂದೊಂದು ಕಥೆಗೂ ಒಂದು ನಿಲುಗಡೆ ಇದೆ. ಬಿಡುವಿದ್ದು ಒಂದೇ ಉಸಿರಿಗೆ ಕೂರಬಲ್ಲವರು ಆನಥೆಮ್ ಹಿಡಿಯಲಿ. ಮಧ್ಯೆ ಎರಡು ವಾರ ಬಿಟ್ಟರೆ ಅದರ ಪದಗಳು ಕೈಬಿಟ್ಟು ಹೋಗುತ್ತವೆ. ನನಗೆ ಎರಡು ಸಲ ಆಗಿದ್ದು ಇದೇ. ಅದನ್ನು ಕಾಗದದ ಪುಸ್ತಕವಾಗಿಯೇ ಓದಿ, ಪದಕೋಶದಲ್ಲಿ ಒಂದು ಬೆರಳು ಇಟ್ಟುಕೊಂಡು. ಜೊತೆಗೆ ಓದಿ ವಾದ ಮಾಡಲು ಒಬ್ಬ ಗೆಳೆಯ ಇದ್ದರೆ ನ್ಯೂ ಸನ್ ಇನ್ನೂ ಮಜಾ.

ನೂರು ಪುಟವಾದರೂ ಅರ್ಥವಾಗದಿದ್ದರೆ ಬಿಡಬೇಕಾ? ಅರ್ಥವಾಗದಿರುವುದು ಬಿಡಲು ಕಾರಣವಲ್ಲ. ಮುಂದಿನ ಪುಟದಲ್ಲಿ ಏನಿದೆ ಅನ್ನುವ ಕುತೂಹಲ ಸತ್ತಿದ್ದರೆ ಬಿಡಿ, ಮುಜುಗರ ಬೇಡ.

ಬೀಗದ ಕೈ ಮಾಡಿಸದ ಪುಸ್ತಕ ಅಂದೆನಲ್ಲ, ಅದು ಸ್ಯಾಮ್ಯುಯೆಲ್ ಡಿಲೇನಿ ಅವರ 'ಡಾಲ್‌ಗ್ರೆನ್' (1975). ಎಂಟುನೂರು ಪುಟದ ಆಸುಪಾಸು. ಬೆಲೋನಾ ಎಂಬ ಊರಿಗೆ ಏನೋ ಅನಾಹುತ ಆಗಿದೆ, ಏನು ಅಂತ ಯಾರಿಗೂ ಗೊತ್ತಿಲ್ಲ. ಒಂದು ರಾತ್ರಿ ಆಕಾಶದಲ್ಲಿ ಎರಡು ಚಂದ್ರ. ತನ್ನ ಹೆಸರೇ ಮರೆತ ಒಬ್ಬ ಅಲ್ಲಿ ಅಲೆಯುತ್ತಾನೆ. ಕಾರಣ ಹುಡುಕಿಕೊಂಡು ಓದಿದವರು ಕೊನೆಗೆ ಪುಸ್ತಕ ಎಸೆದಿದ್ದಾರೆ, ಊರು ನೋಡಲು ಹೋದವರು ಖುಷಿಯಾಗಿ ಬಂದಿದ್ದಾರೆ. ಅದರ ಮೊದಲ ವಾಕ್ಯ ಅರ್ಧದಿಂದ ಶುರುವಾಗುತ್ತದೆ. ಕೊನೆಯ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಜೋಡಿಸಿದರೆ ಒಂದು ಪೂರ್ತಿ ವಾಕ್ಯ, ಮತ್ತೆ ಮೊದಲ ಪುಟದಲ್ಲಿ ನಿಂತಿರುತ್ತೀರಿ.